ಹರಕೆಯ ಕಲ್ಲು, ನೆಲದ ಕಲ್ಲು

ಕಾಡಿನ ನೆಲದೊಳಗೆ ಏನಿದೆ ಎಂದು ಹೇಳುವವರು ಹಲವರು, ಎಷ್ಟಿದೆ ಎಂದು ಅಳೆದು ಹೇಳಬಲ್ಲವರು ಕೆಲವರು. ಅಳೆದ ಮೇಲೆ ‘ಇದೆ, ಆದರೆ ಸಾಲದು’ ಎಂದು ಬರೆದು ಸಹಿ ಹಾಕುವವರು ಅಪರೂಪ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಅರಣ್ಯಗಳಲ್ಲಿ ಖನಿಜ ಹಾಗೂ ಜಲಶಕ್ತಿಯ ಸಾಧ್ಯತೆಗಳನ್ನು ಅಂದಾಜು ಮಾಡುವ ಕಾರ್ಯದಲ್ಲಿ ಮೂರು ದಶಕಗಳನ್ನು ಸವೆಸಿ ಈ ವರ್ಷ ನಿವೃತ್ತರಾಗುತ್ತಿರುವ ಹಿರಿಯ ಭೂವಿಜ್ಞಾನಿ ಶ್ರೀಮತಿ ಗೋದಾವರಿ ಅವರು ಆ ಅಪರೂಪದ ಪಂಕ್ತಿಗೆ ಸೇರಿದವರು.

ಬೇಗಾರಿನಲ್ಲಿ ಹುಟ್ಟಿ, ಶೃಂಗೇರಿಯಲ್ಲಿ ಓದಿ, ಸುತ್ತಿಗೆ ಹಿಡಿದು ಕಾಡು ಹೊಕ್ಕ ಅವರು ಮೊದಲ ವರ್ಷದಿಂದಲೇ ಒಂದು ಪದ್ಧತಿಯನ್ನು ಕೈಬಿಡದೆ ಪಾಲಿಸಿದರು. ಪರೀಕ್ಷೆಗೆಂದು ತೋಡಿದ ಕಂದಕದ ಮೇಲ್ಮಣ್ಣನ್ನೂ ಕೆಳಮಣ್ಣನ್ನೂ ಬೇರೆ ಬೇರೆ ರಾಶಿ ಹಾಕಿಸಿ, ಮುಚ್ಚುವಾಗ ಕೆಳಗಿನದನ್ನು ಕೆಳಕ್ಕೂ ಮೇಲಿನದನ್ನು ಮೇಲಕ್ಕೂ ಸೇರಿಸಿದ ಹೊರತು ಅವರು ಜೀಪು ಹತ್ತಿದವರಲ್ಲ.

ಸುಮಾರು ಹದಿನೈದು ವರ್ಷಗಳ ಹಿಂದೆ ಮುತ್ತಿನಕೊಪ್ಪದಾಚೆಯ ಕಾಡಿನಲ್ಲಿ, ದಾರಿಚೌಡಿಯ ಕಣಿವೆಯ ಸಮೀಕ್ಷೆ ಅವರ ಪಾಲಿಗೆ ಬಂತು. ಆಗಷ್ಟೇ ಕೆಲಸಕ್ಕೆ ಸೇರಿ, ಕೆಲಸ ಇನ್ನೂ ಕಾಯಂ ಆಗದಿದ್ದ ಭೂವಿಜ್ಞಾನಿ ಶಿಶಿರ ಅವರು ಇಳಿಜಾರಿನ ತರಗೆಲೆಯ ಅಡಿಯಿಂದ ಆಯ್ದು ತಂದ ಕಲ್ಲುಗಳಲ್ಲಿ ಕಬ್ಬಿಣದ ಅಂಶ ಯಾರೂ ನಿರೀಕ್ಷಿಸದಷ್ಟು ಹೆಚ್ಚಿತ್ತು. ವರದಿ ಸಿದ್ಧವಾಯಿತು. ಅದು ಇದ್ದಂತೆಯೇ ಅಂಗೀಕಾರವಾದರೆ ಆ ಗುಡ್ಡ ಗಣಿ ಹರಾಜಿನ ಪಟ್ಟಿಗೆ ಸೇರುವುದು ನಿಶ್ಚಿತವಾಗಿತ್ತು. ಸಹಿ ಹಾಕುವ ಮೊದಲು ಗೋದಾವರಿಯವರು ಮತ್ತೊಮ್ಮೆ ಕಣಿವೆ ಹತ್ತಿದರು.

ಅಲ್ಲಿ ದಾರಿ ಕಾಯುವ ದೇವತೆ ಚೌಡಿಯ ಮುಂದೆ ಹರಕೆಗೆಂದು ತಂದು ಹಾಕಿದ ಕಲ್ಲುಗಳ ಆಳೆತ್ತರದ ರಾಶಿ. ಮುತ್ತಿನಕೊಪ್ಪದ ವೀರಬಸಮ್ಮ ಮಡಿಲಲ್ಲಿ ಕಟ್ಟಿಕೊಂಡಿದ್ದ ಕರಿಯ ಕಲ್ಲೊಂದನ್ನು ಏದುಸಿರು ಬಿಡುತ್ತ ಇಳಿಸುತ್ತಿದ್ದರು.

“ಇಷ್ಟ್ ಭಾರದ್ದು ಎಂತಕ್ಕೆ ಹೊತ್ಕಂಡ್ ಬಂದ್ರಿ?” ಎಂದು ಗೋದಾವರಿಯವರು ಕೇಳಿದರು.

“ಹಗುರದ್ ಹಾಕಿದ್ರೆ ಚೌಡಿ ಕಣ್ಣೆತ್ತಿ ನೋಡ್ತಾಳಾ ಮಾರಾಯ್ತಿ? ಹರಕೆ ಅಂದ್ಮೇಲೆ ಭಾರ ಇರ್ಬೇಕು. ತವರಿಂದ ತಂದಿದ್ದು ಇದು. ಬಸ್ಸಲ್ಲಿ ಕಂಡಕ್ಟರ್ ಲಗೇಜ್ ಟಿಕೆಟ್ ಹರೀತೀನಿ ಅಂತ ಕೂತಿದ್ದ!”

ಗೋದಾವರಿಯವರು ಆ ಕಲ್ಲನ್ನು ಎತ್ತಿ ನೋಡಿದರು. ಕಪ್ಪು, ಕೆಂಪು ಪಟ್ಟೆ. ಶಿಶಿರ ತಂದ ಮಾದರಿಯದೇ ಜಾತಿ. ಊರೂರಿನವರು ತಲೆಮಾರುಗಳಿಂದ ಭಾರ ನೋಡಿ ಆರಿಸಿ ತಂದು ಒಪ್ಪಿಸಿದ ಕಲ್ಲುಗಳು ಮಳೆಗೆ ಜಾರಿ ಇಳಿಜಾರಿನುದ್ದಕ್ಕೂ ಹರಡಿದ್ದವು. ಇಲಾಖೆ ಅಳೆದದ್ದು ಗುಡ್ಡವನ್ನಲ್ಲ, ಭಕ್ತರ ಹರಕೆಯನ್ನು.

ಕೆಳಗಿಳಿದು ವಿಷಯ ತಿಳಿಸಿದಾಗ ಶಿಶಿರ ಅವರು, “ಮೇಡಂ, ನನ್ನ ಪ್ರೊಬೇಷನ್ನು...” ಎಂದು ಕಣ್ಣೊರೆಸಿಕೊಂಡರು.

“ಅಳೂದು ಆಮೇಲೆ ಮಾಣಿ. ಮೊದ್ಲು ಗುದ್ದಲಿ ತಗ.”

ತಳದ ಬಂಡೆ ಸಿಗುವವರೆಗೆ ಅಗೆದು ಹೊಸ ಮಾದರಿ ತೆಗೆಯಲಾಯಿತು. ಕಬ್ಬಿಣವಿತ್ತು, ಗಣಿಗೆ ಸಾಲುವಷ್ಟಿರಲಿಲ್ಲ. ಹಳೆಯ ಫಲಿತಾಂಶ ಆಗಲೇ ಮೇಲಿನವರ ಕಿವಿಗೆ ಬಿದ್ದಿದ್ದರಿಂದ ವಿವರಣೆ ಕೇಳಿ ಪತ್ರ ಬಂತು. ‘ಮಾದರಿ ಸಂಗ್ರಹದ ಹೊಣೆ ನನ್ನದು’ ಎಂದು ಗೋದಾವರಿಯವರು ಒಂದೇ ಸಾಲಿನಲ್ಲಿ ಉತ್ತರಿಸಿದರು. ಶಿಶಿರ ಅವರ ಕೆಲಸ ಉಳಿಯಿತು. ಗೋದಾವರಿಯವರಿಗೆ ಬರಬೇಕಾಗಿದ್ದ ಬಡ್ತಿ ಬೇರೊಬ್ಬರಿಗೆ ಹೋಯಿತು.

ಊರವರಿಗೂ ಪೂರ್ಣ ಸಮಾಧಾನವಾಗಲಿಲ್ಲ. “ಏನೂ ಇಲ್ಲ ಅಂತ್ಲೇ ಬರ್ದು ಬಿಡಿ, ನಿಮ್ಮ ಗಂಟೇನ್ ಹೋಗ್ತದೆ?” ಎಂದು ವೀರಬಸಮ್ಮ ಜಗಳಕ್ಕೇ ಬಂದರು.

“ಇರೂದನ್ನ ನಾನು ಇಲ್ಲ ಅಂದ್ರೆ, ನಾಳೆ ಇನ್ನೊಬ್ಬ ಇಲ್ಲದ್ದನ್ನ ಇದೆ ಅಂತಾನೆ. ಆಗ ಯಾರ್ ಮಾತು ನಂಬ್ತೀರಿ?”

ಅದೇ ಕಣಿವೆಯ ಹಳ್ಳದಲ್ಲಿ ವಿದ್ಯುತ್ತಿನ ಸಾಧ್ಯತೆ ಅಳೆಯುವಾಗಲೂ ಅವರು ಆಷಾಢದ ನೀರಿಗಷ್ಟೇ ಮರುಳಾಗದೆ ಚೈತ್ರದಲ್ಲಿ ಮರಳಿ ಬಂದು, ಬಂಡೆಗಳ ನಡುವೆ ಉಳಿದ ನೂಲಿನಂಥ ಧಾರೆಯನ್ನೂ ಲೆಕ್ಕಕ್ಕೆ ಹಿಡಿದರು. ಅಲ್ಲಿಯೂ ಬರೆದದ್ದು ಅದೇ ಮಾತು: ‘ಇದೆ, ಆದರೆ ಸಾಲದು.’ ಗುಡ್ಡವೂ ಹಳ್ಳವೂ ಇದ್ದಂತೆ ಉಳಿದವು.

ಕಳೆದ ತಿಂಗಳು, ಈಗ ಅದೇ ಕಚೇರಿಯ ಮುಖ್ಯಸ್ಥರಾಗಿರುವ ಶಿಶಿರ ಅವರು ಗೋದಾವರಿಯವರನ್ನು ಕೊನೆಯ ಬಾರಿಗೆ ಕಣಿವೆಗೆ ಕರೆದೊಯ್ದರು. ಮೇಲೆ ತಲುಪಿದ ಮೇಲೆ ಚೀಲದಿಂದ ಒಂದು ಕಲ್ಲು ತೆಗೆದು ಅವರ ಕೈಗಿಟ್ಟರು. ಗೋದಾವರಿಯವರ ತವರೂರು ಬೇಗಾರಿನ ಹೊಳೆಯಿಂದ ಶಿಶಿರ ತಾವೇ ಆರಿಸಿ ತಂದದ್ದು.

ಗೋದಾವರಿಯವರು ಅದನ್ನು ಅಂಗೈಯಲ್ಲಿ ತೂಗಿ ನೋಡಿದರು. “ಭಾರ ಉಂಟು ಮಾರಾಯ,” ಎಂದರು. ಅನಂತರ ಕನ್ನಡಕ ಒರೆಸಿಕೊಂಡು, “ಸ್ವಲ್ಪ ಬಣ್ಣ ಹಚ್ಚು ಇದಕ್ಕೆ. ಇಲ್ದಿದ್ರೆ ನಿನ್ನಂಥವ ಯಾವನಾದ್ರೂ ಬಂದು ಮಾದರಿ ಅಂತ ಹೊತ್ಕಂಡ್ ಹೋದಾನು,” ಎಂದರು.

ಬಣ್ಣ ಹಚ್ಚಿದ ಆ ಕಲ್ಲು ಈಗ ರಾಶಿಯ ಮೇಲಿದೆ. ವರ್ಷಕ್ಕೊಂದರಂತೆ ಅದರ ಪಕ್ಕದಲ್ಲಿ ಇನ್ನೂ ಹಲವನ್ನು ತಾವೇ ಹೊತ್ತು ತಂದಿರಿಸುವಷ್ಟು ಬಲ ಶ್ರೀಮತಿ ಗೋದಾವರಿಯವರ ಕಾಲುಗಳಿಗಿರಲಿ; ಅಷ್ಟೂ ವರ್ಷ ಅವರು ನಮ್ಮ ಇಲಾಖೆಯ ಅಂದಾಜುಗಳನ್ನು ತಿದ್ದುತ್ತಿರಲಿ.