ಹದಿನೇಳನೇ ಹಾಳೆಯ ಅಡಿಟಿಪ್ಪಣಿ

ಶಹಾಪುರದ ಖಾಜಾಹುಸೇನ ಪೇಪರನ್ನು ತಲೆಕೆಳಗಾಗಿ ಓದುತ್ತಾನೆ. ಸುರಪುರ ರಸ್ತೆಯ ಚಹಾದಂಗಡಿಯಲ್ಲಿ ನಾನು ಪೇಪರು ಹಿಡಿದು ಕೂತರೆ, ಎದುರು ಬೆಂಚಿನಲ್ಲಿ ಕೂತು ನನಗಿಂತ ಮೊದಲೇ ಓದಿ ಮುಗಿಸಿ, ಪುಟ ತಿರುವಲು "ಹೊಳ್ಳಸ್ರಿ" ಅನ್ನುತ್ತಾನೆ. ತನ್ನ ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ಸೀಸದ ಅಚ್ಚುಮೊಳೆಗಳನ್ನು ಉಲ್ಟಾ ಜೋಡಿಸಿದವನ ಕಣ್ಣು ಅದು. ಅವನಿಗೆ ಇದರಲ್ಲೇನೂ ವಿಶೇಷ ಕಾಣುವುದಿಲ್ಲ. ನನಗೆ ಸಿಟ್ಟು ಬರುತ್ತದೆ, ಪೇಪರು ತಂದವನು ನಾನು.

ನನ್ನ ಹೆಸರು ಅಮರಪ್ಪ. ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಖಾಜಾನ ಕಥೆ ಹೇಳಬೇಕೆಂದರೆ ನನ್ನದೊಂದು ತಪ್ಪನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಇಷ್ಟು ವರ್ಷ ಹೇಳಿರಲಿಲ್ಲ.

ನಾರಾಯಣಪುರ ಅಣೆಕಟ್ಟಿನ ನೀರು ನಮ್ಮ ಕಡೆ ಹರಿಯತೊಡಗಿದ ಹೊಸತು. ಯಾರ ಹೊಲಕ್ಕೆ ಯಾವ ವಾರ, ಯಾವ ಹೊತ್ತಿಗೆ ನೀರು ಎಂದು ಒಂದು ಸರದಿ ಪುಸ್ತಕ ಅಚ್ಚು ಹಾಕಿಸಬೇಕೆಂದು ಕಚೇರಿಯಲ್ಲಿ ತೀರ್ಮಾನವಾಯಿತು. ನಲವತ್ತು ಉಪಕಾಲುವೆ, ನಲವತ್ತು ಹಾಳೆ. ಪ್ರತಿ ಹಾಳೆಯ ಕೊನೆಯ ಹೆಸರಿನ ಮುಂದೆ ಒಂದು ಚುಕ್ಕಿ, ಚುಕ್ಕಿಗೊಂದು ಅಡಿಟಿಪ್ಪಣಿ: "ಇದು ಮೇಲೆ ಗೇಟು ಎತ್ತುವ ಹೊತ್ತು. ಕೊನೆಯ ಹೊಲಕ್ಕೆ ನೀರು ಮುಟ್ಟಲು ನಾಲ್ಕು ತಾಸು ಬೇಕು. ಮುಟ್ಟಿದ ಮೇಲೆ ನಾಲ್ಕು ತಾಸು ಪೂರ್ತಿ ಬಿಡಬೇಕು. ನಡುವೆ ಯಾರೂ ಒಡ್ಡು ಹಾಕಬಾರದು."

ಕೈಬರಹದ ಪ್ರತಿ ತಯಾರಿಸಿದವನು ನಾನು. ಮೊದಲ ಹಾಳೆಯ ಕೆಳಗೆ ಟಿಪ್ಪಣಿಯನ್ನು ಪೂರ್ತಿ ಬರೆದೆ. ಉಳಿದ ಮೂವತ್ತೊಂಬತ್ತರ ಕೆಳಗೆ "ಅದೇ" ಎಂದು ಬರೆದೆ. ಖಾಜಾ ತನ್ನ ಪ್ರೆಸ್ಸಿನಲ್ಲಿ ಅದನ್ನು ನೋಡಿ ಕೇಳಿದ, "ಅಮರಪ್ಪನೋರ, ಎಲ್ಲಾ ಹಾಳಿಗೂ ಪೂರ್ತಿ ಹಾಕ್ಲೇನ್ರಿ?"

"ಒಂದು ಸಲ ಬರ್ದದ್ದು ಸಾಕು. ಓದೋರು ಕುರುಡರೇನು?" ಅಂದೆ. ಆಗ ನನಗೆ ಮೂವತ್ತು ವರ್ಷ. ಎಲ್ಲದಕ್ಕೂ ನನ್ನಲ್ಲಿ ಉತ್ತರವಿತ್ತು.

ಪುಸ್ತಕಗಳು ಇಪ್ಪತ್ತು ಊರಿಗೆ ಹೋದವು, ಊರಿಗೊಂದರಂತೆ. ಹೋದ ದಿನವೇ ಜನ ಅವನ್ನು ಹರಿದರು. ಸಿಟ್ಟಿನಿಂದಲ್ಲ, ಅದೇ ಪದ್ಧತಿ. ಒಂದೊಂದು ಉಪಕಾಲುವೆಯವರು ತಮ್ಮ ತಮ್ಮ ಹಾಳೆ ಕಿತ್ತುಕೊಂಡು ಒಯ್ದು ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಸಿದರು. ಬೇರೆಯವರ ಸರದಿ ಕಟ್ಟಿಕೊಂಡು ಯಾರಿಗೇನಾಗಬೇಕು? ಹೀಗಾಗಿ ಟಿಪ್ಪಣಿ ಮೊದಲನೇ ಉಪಕಾಲುವೆಯವರ ಗಿರಣಿಯಲ್ಲಿ ಉಳಿಯಿತು. ಉಳಿದ ಗಿರಣಿಗಳಲ್ಲಿ "ಅದೇ" ಉಳಿಯಿತು.

ಹದಿನೇಳನೇ ಉಪಕಾಲುವೆಯ ಕೊನೆಗೆ ಗೊಲ್ಲಾಳಮ್ಮನ ಒಂದೂವರೆ ಎಕರೆ ಶೇಂಗಾ ಇತ್ತು. ಗುರುವಾರ ಬೆಳಿಗ್ಗೆ ಆರರಿಂದ ಹತ್ತು ಆಕೆಯ ಸರದಿ. ಆರಕ್ಕೆ ಬಿಟ್ಟ ನೀರು ಆಕೆಯ ಬದುವಿಗೆ ಬರುವಾಗ ಹತ್ತಾಗಿರುತ್ತಿತ್ತು. ಸರಿಯಾಗಿ ಹತ್ತಕ್ಕೆ ಮೇಲಿನ ಹೊಲದ ಮರಿಲಿಂಗಪ್ಪ "ನಿಂದು ಮುಗೀತು" ಎಂದು ಸಲಿಕೆಯಿಂದ ಒಡ್ಡು ಹಾಕುತ್ತಿದ್ದ. ಅವನದು ತಪ್ಪಲ್ಲ. ಗೋಡೆಯ ಮೇಲೆ ಹಾಗೇ ಬರೆದಿತ್ತು.

ಶೇಂಗಾ ಒಣಗಿದ ಮೇಲೆ ಗೊಲ್ಲಾಳಮ್ಮ ಒಂದು ಕೈಯಲ್ಲಿ ಕಿತ್ತ ಗಿಡ, ಇನ್ನೊಂದರಲ್ಲಿ ಗೋಡೆಯಿಂದ ಬಿಡಿಸಿದ ಹಾಳೆ ಹಿಡಿದು ಖಾಜಾನ ಪ್ರೆಸ್ಸಿಗೆ ಬಂದಳು. ಓದು ಬಾರದ ಹೆಂಗಸು. ಗಿಡವನ್ನು ಮೊಳೆಗಳ ಪೆಟ್ಟಿಗೆಯ ಮೇಲೆ ಇಟ್ಟಳು. ಕಾಯಿ ಹಿಚುಕಿದರೆ ಎಲ್ಲ ಪೊಳ್ಳು.

"ಇದನ್ನ ಮಾಡಿದವ್ರು ಯಾರು? ಎಲ್ಲಾರ ಹಾಳ್ಯಾಗೂ ನೀರದ, ನನ್ನ ಹಾಳ್ಯಾಗ ನೀರಿಲ್ಲ" ಅಂದಳು.

ನಾನು ಅಲ್ಲೇ ಬೆಂಚಿನ ಮೇಲೆ ಇದ್ದೆ. ಖಾಜಾ ನನ್ನನ್ನು ಒಮ್ಮೆ ನೋಡಿದ. ನಾನು ಮೇಲಿನ ಫ್ಯಾನು ನೋಡಿದೆ. ಕರೆಂಟು ಇರಲಿಲ್ಲ, ಫ್ಯಾನು ತಿರುಗುತ್ತಿರಲಿಲ್ಲ, ಆದರೂ ನೋಡಿದೆ.

"ತಪ್ಪಾತವ್ವ" ಅಂದ ಖಾಜಾ. "ಇನ್ನೊಮ್ಮೆ ಆಗಂಗಿಲ್ಲ."

ಊರೆಲ್ಲ ಖಾಜಾನ ಪ್ರೆಸ್ಸಿನ ತಪ್ಪು ಎಂದೇ ಮಾತಾಡಿಕೊಂಡಿತು. ಅವನು ಟಿಪ್ಪಣಿಯ ಅಷ್ಟೂ ಸಾಲುಗಳ ಮೊಳೆ ಜೋಡಿಸಿ, ಸುತ್ತಲೂ ಸುತಳಿ ಕಟ್ಟಿ, ಆ ಕಟ್ಟನ್ನು ಬಿಚ್ಚದೆ ಇಟ್ಟುಕೊಂಡ. ಮುಂದಿನ ವರ್ಷದಿಂದ ಅದೇ ಕಟ್ಟು ನಲವತ್ತು ಹಾಳೆಯ ಕೆಳಗೂ ಕೂತು ಅಚ್ಚಾಯಿತು. ಕಂಪ್ಯೂಟರು ಬಂದಾಗ ಉಳಿದ ಮೊಳೆಗಳನ್ನೆಲ್ಲ ಗುಜರಿಗೆ ಹಾಕಿದ, ಆ ಕಟ್ಟನ್ನು ಹಾಕಲಿಲ್ಲ. ಪ್ರೆಸ್ಸಿನಲ್ಲಿ ಅದಕ್ಕೆ ಗೊಲ್ಲಾಳಮ್ಮನ ಕಟ್ಟು ಎಂದೇ ಹೆಸರು.

ನಾನು ಗೊಲ್ಲಾಳಮ್ಮ ಸಂತೆಗೆ ಬರುವ ದಾರಿಯನ್ನು ಬಿಟ್ಟೆ. ಬೇರೆ ದಾರಿ ಒಂದು ಮೈಲು ಸುತ್ತು. ನಡೆದರೆ ಆರೋಗ್ಯಕ್ಕೆ ಒಳ್ಳೆಯದು ಎಂದು ಮನೆಯಲ್ಲಿ ಹೇಳಿದ್ದೆ.

ಹೀಗೆ ಮೂವತ್ತು ವರ್ಷ ನಡೆದೆ. ಹೋದ ಸಾಲಿನಲ್ಲಿ ಹೊಸ ಆದೇಶ ಬಂತು. ಸರದಿ ಇನ್ನು ಮೊದಲು ವೆಬ್‌ಸೈಟಿನಲ್ಲಿ, ಅಲ್ಲಿಯ ಫೈಲಿನಿಂದಲೇ ಪುಸ್ತಕ, ಒಂದಕ್ಷರವೂ ಬದಲಾಗಕೂಡದು. ಖಾಜಾ ಆದೇಶದಂತೆ ಇಪ್ಪತ್ತು ಪುಸ್ತಕ ಅಚ್ಚು ಹಾಕಿ, ಕೊನೆಯ ಹಾಳೆ ತೆಗೆದು ನನಗೆ ತೋರಿಸಿದ. ನಲವತ್ತು ಚುಕ್ಕಿಗೆ ಸೇರಿ ಒಂದೇ ಟಿಪ್ಪಣಿ, ನಲವತ್ತನೇ ಹಾಳೆಯ ಕೆಳಗೆ.

"ಯಾದಗಿರಿಗೆ ಹೋಗೋಣ ನಡೀರಿ. ಆಫೀಸಿನವ್ರ ಮಾತು ಆಫೀಸಿನವ್ರು ಕೇಳ್ತಾರ" ಅಂದ. ಅದು ಸುಳ್ಳು, ನಿವೃತ್ತರ ಮಾತು ಯಾರೂ ಕೇಳುವುದಿಲ್ಲ. ಆದರೂ ಬಸ್ಸು ಹತ್ತಿದೆ.

ಯಾದಗಿರಿಯಲ್ಲಿ ವೆಬ್‌ಸೈಟು ನೋಡಿಕೊಳ್ಳುವ ಪರಮಣ್ಣ ಒಳ್ಳೆಯ ಹುಡುಗ, ಕುರ್ಚಿ ಕೊಟ್ಟ. "ಒಂದೇ ಮಾತು ನಲವತ್ತು ಕಡೆ ಯಾಕ್ರಿ ಚಾಚಾ? ನಾಳೆ ತಿದ್ದಬೇಕಾದ್ರ ಒಂದು ಕಡೆ ತಪ್ಪಿ ಹೋಗ್ತದ. ಈಗ ಚುಕ್ಕಿ ಒತ್ತಿದ್ರ ಸೀದಾ ಟಿಪ್ಪಣಿಗೆ ಒಯ್ತದ ನೋಡ್ರಿ."

ಹದಿನೇಳರ ಚುಕ್ಕಿ ಒತ್ತಿದ. ಟಿಪ್ಪಣಿ ಬಂತು. ಹುಡುಗ ಹುಷಾರು ಎಂದು ಖಾಜಾ ತಲೆದೂಗಿದ. ಆಮೇಲೆ ಟಿಪ್ಪಣಿಯ ಪಕ್ಕದ ಬಾಣ ತೋರಿಸಿ, "ಇದು?" ಅಂದ.

"ಅದು ವಾಪಸ್ ಬರಾಕ."

ಒತ್ತಿದ. ಪರದೆ ಮೊದಲನೇ ಉಪಕಾಲುವೆಯ ಸರದಿಗೆ ಬಂತು.

"ನಾವು ಹೋಗಿದ್ದು ಹದಿನೇಳರಿಂದ" ಅಂದ ಖಾಜಾ.

"ಟಿಪ್ಪಣಿ ಒಂದೇ ಅಲ್ಲೇನ್ರಿ, ಬಾಣಾನೂ ಒಂದೇ. ಅದಕ್ಕ ಮೊದಲನೇದಷ್ಟೇ ಗೊತ್ತು."

ಖಾಜಾ ಕಿಸೆಯಿಂದ ಫೋನು ತೆಗೆದ. ಗೊಲ್ಲಾಳಮ್ಮನ ಊರಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಯಾರೋ ಆಗಲೇ ಹದಿನೇಳನೇ ಉಪಕಾಲುವೆಯ ಸರದಿಯನ್ನಷ್ಟೇ ಫೋಟೋ ತೆಗೆದು ಹಾಕಿದ್ದರು. ಆ ಫೋಟೋದ ಚುಕ್ಕಿಯನ್ನು ಹೆಬ್ಬೆರಳಿನಿಂದ ಒತ್ತಿದ. ಮತ್ತೆ ಒತ್ತಿದ. ಕನ್ನಡಕ ಸರಿಮಾಡಿಕೊಂಡು ಮೂರನೇ ಸಲ ಒತ್ತಿದ.

"ಎಲ್ಲಿಗೂ ಹೋಗವಲ್ದು" ಅಂದ. "ಮೊದಲು ಕೈಯಿಂದ ಹರೀತಿದ್ರು, ಈಗ ಫೋನಿಂದ ಹರೀತಾರ. ನೀ ಒಂದೇ ಕಡೆ ಬರಿಯಪ್ಪ, ಬ್ಯಾಡನ್ನಂಗಿಲ್ಲ. ನಲವತ್ತು ಕಡೆ ಕಾಣೋಹಂಗ ಮಾಡಾಕ ಬರ್ತದಿಲ್ಲೋ? ನನ್ನ ಮೊಳಿ ಕಟ್ಟು ಒಂದೇ ಇತ್ತು, ನಲವತ್ತು ಹಾಳ್ಯಾಗ ಮೂಡ್ತಿತ್ತು."

ಪರಮಣ್ಣ ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡಿದ. "ಬರ್ತದ್ರಿ. ಆದ್ರ ಮ್ಯಾಲಿನವ್ರಿಗೆ ಕಾರಣ ಬರೀಬೇಕು. ಹಿಂಗ್ ಮಾಡಿದ್ದಕ್ಕ ಯಾರಿಗಾದ್ರೂ ಲುಕ್ಸಾನ ಆಗ್ಯದೇನ್ರಿ?"

ಖಾಜಾ ನನ್ನ ಕಡೆ ತಿರುಗಲಿಲ್ಲ. ಮೇಲೆ ಫ್ಯಾನಿತ್ತು, ಜೋರಾಗಿ ತಿರುಗುತ್ತಿತ್ತು. ನಾನು ಅದನ್ನು ನೋಡಲಿಲ್ಲ.

"ಆಗ್ಯದ" ಅಂದೆ. "ಗೊಲ್ಲಾಳಮ್ಮನ ಶೇಂಗಾ ಒಣಗಿತು. ಮೂವತ್ತೊಂಬತ್ತು ಸಲ 'ಅದೇ' ಅಂತ ಬರ್ದವ ನಾನು. ಹೆಸರು ಈ ಮನಷ್ಯಾಗ ಬಂತು. ಬರಕೋ." ಹೇಳುವಾಗ ನಾಚಿಕೆಯಾಯಿತು. ಮೂವತ್ತು ವರ್ಷದ ನಾಚಿಕೆ ಒಟ್ಟಿಗೆ ಆಯಿತು.

ಪರಮಣ್ಣ ಬರೆದುಕೊಂಡ. ಮಂಜೂರಾತಿ ಸೋಮವಾರ ಬರುತ್ತದೆ, ಅಂದೇ ಪ್ರತಿ ಸರದಿಯ ಕೆಳಗೂ ಟಿಪ್ಪಣಿ ಪೂರ್ತಿ ಕಾಣುತ್ತದೆ ಅಂದ. ನೀರು ಬಿಡುವುದು ಅದಕ್ಕೂ ಮೊದಲಿನ ಗುರುವಾರ.

ಬಸ್ಸಿನಲ್ಲಿ ಭೀಮಾ ನದಿ ದಾಟಿದ ಮೇಲೆ ಖಾಜಾ ನನ್ನ ಕೈ ನೋಡಿ, "ಮಣಿಕಟ್ಟು ಗಟ್ಟಿ ಅದಾವೇನ್ರಿ?" ಅಂದ.

ಮರುದಿನ ಪ್ರೆಸ್ಸಿನಲ್ಲಿ ಗೊಲ್ಲಾಳಮ್ಮನ ಕಟ್ಟಿಗೆ ಮಸಿ ಹಚ್ಚಿ ನನ್ನ ಕೈಗೆ ಕೊಟ್ಟ. ಅಕ್ಷರ ಬದಲಿಸಬಾರದೆಂದು ಆದೇಶವಿದೆ, ಮೇಲೆ ಒತ್ತಬಾರದೆಂದು ಇಲ್ಲ ಅಂದ. ಇಪ್ಪತ್ತು ಪುಸ್ತಕ, ಪ್ರತಿಯೊಂದರಲ್ಲೂ ಟಿಪ್ಪಣಿಯಿಲ್ಲದ ಮೂವತ್ತೊಂಬತ್ತು ಹಾಳೆ: ಏಳುನೂರ ಎಂಬತ್ತು ಸಲ ಒತ್ತಿದೆ. ಅವನು ಕುರ್ಚಿಯಲ್ಲಿ ಕೂತು ಬಸಿಯಲ್ಲಿ ಚಹಾ ಕುಡಿಯುತ್ತ ಎಲ್ಲವನ್ನೂ ತಲೆಕೆಳಗಾಗಿ ಓದಿ ನೋಡಿದ. "ಇದು ಮಸುಕಾತು. ಇನ್ನೊಮ್ಮೆ" ಎಂದು ಹನ್ನೊಂದು ಸಲ ಅಂದ.

ಗುರುವಾರ ನಾನು ಹದಿನೇಳನೇ ಹಾಳೆ ಹಿಡಿದು, ಸುತ್ತುದಾರಿ ಬಿಟ್ಟು, ಸೀದಾ ದಾರಿಯಲ್ಲಿ ಗೊಲ್ಲಾಳಮ್ಮನ ಹೊಲಕ್ಕೆ ಹೋದೆ. ಹಾಳೆ ಕೈಗೆ ಕೊಟ್ಟೆ. ಆಕೆ ಕೆಳಗಿನ ಕರಿ ಸಾಲುಗಳ ಮೇಲೆ ಬೆರಳಾಡಿಸಿ, "ಅದ" ಅಂದಳು.

ಹತ್ತಕ್ಕೆ ನೀರಿನ ತುದಿ ಕಾಣಿಸಿತು. ಹತ್ತಕ್ಕೇ ಮರಿಲಿಂಗಪ್ಪನೂ ಬಂದ, ಹೆಗಲಿಗೆ ಸಲಿಕೆ, ಕೈಯಲ್ಲಿ ಫೋನು. "ಹತ್ತಾತಬೇ, ನಿಂದು ಮುಗೀತು. ಹಳೇದೆಲ್ಲ ಹೋತು, ಈ ಸಲ ಫೋನಿನಾಗ ಹಿಂಗೇ ಅದ."

ಗೊಲ್ಲಾಳಮ್ಮ ಹಾಳೆ ಮುಂದೆ ಹಿಡಿದಳು. ಅವನು ಕೆಳಗಿನ ಸಾಲುಗಳನ್ನು ಬಾಯಿಬಿಟ್ಟು ಪೂರ್ತಿ ಓದಿದ. "ಯಾರು ಒತ್ತ್ಯಾರಿದನ್ನ, ಸೊಟ್ಟ ಅದ" ಅಂದ. "ಆತು, ಎರಡಕ್ಕ ಬರ್ತೀನಿ" ಎಂದು ಸಲಿಕೆ ಎತ್ತಿಕೊಂಡು ಹೋದ.

ನಾನು ಬದುವಿನ ಮೇಲೆ ನಿಂತು ಬಾಯಿ ತೆರೆದೆ. "ಗೊಲ್ಲಾಳಮ್ಮ, ಅವತ್ತಿನ ಆ ತಪ್ಪು ಖಾಜಾನದಲ್ಲ. ಅದನ್ನ ಬರ್ದವ..."

"ಗೊತ್ತದ ಬಿಡ್ರಿ" ಅಂದಳು. "ಖಾಜಾಣ್ಣ ಮೂವತ್ತು ವರ್ಷ ಎದುರಿಗೆ ಸಿಕ್ಕಾಗೆಲ್ಲ ನಿಂತು ಮಾತಾಡ್ಸ್ಯಾನ. ನನ್ನ ಕಂಡು ದಾರಿ ಬಿಟ್ಟು ಹೋದವ್ರು ನೀವೊಬ್ರೇ."

ಸೀರೆ ಎತ್ತಿ ಕಟ್ಟಿಕೊಂಡು, ಬಾಗಿ, ಬದು ಕಡಿಯಲು ಸಲಿಕೆ ಎತ್ತಿದಳು.

"ಕಾಲು ತಗೀರಿ ಅತ್ಲಾಗ. ನೀರು ಬರಾಕತ್ತದ."