ಥ್ರಾಸಲ್‌ಗಿಲ್ ಎಂಬ ಹೆಸರು ಉಳಿದದ್ದು

ಯಾರ್ಕ್‌ಷೈರಿನ ನಮ್ಮ ಕಣಿವೆಯಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಅದು ಒಬ್ಬ ಮೆಟ್‌ಕಾಫನಿಗೇ ತಗಲುತ್ತದೆ. ಎಸೆದವನೂ ಮೆಟ್‌ಕಾಫನೇ ಆಗಿರುತ್ತಾನೆ. ಥ್ರಾಸಲ್‌ಗಿಲ್ ಎಂಬ ಮನೆತನದ ಹೆಸರು ಮಾತ್ರ ಇಡೀ ಭೂಮಂಡಲದಲ್ಲಿ ಒಬ್ಬಳ ಪಾಲಿಗೆ ಉಳಿದಿತ್ತು. ಅವಳು ಕುರಿ ಸಾಕುವ ಆಗ್ನೆಸ್. ವಯಸ್ಸು ಮೂವತ್ತೆಂಟು.

ಮೂಲದಲ್ಲಿ ಅದು ಹಕ್ಕಿಗಳು ಹಾಡುವ ಹಳ್ಳದ ದಂಡೆಯಲ್ಲಿದ್ದ ಒಂದು ಹೊಲಮನೆಯ ಹೆಸರು. ಆರುನೂರು ವರ್ಷಗಳ ಹಿಂದೆ ಆ ಹಳ್ಳ ಉಕ್ಕಿ ಒಂದೇ ಮಧ್ಯಾಹ್ನದಲ್ಲಿ ಮನೆ, ಕೊಟ್ಟಿಗೆ, ಒಲೆಯ ಮೇಲಿದ್ದ ಗಂಜಿ ಎಲ್ಲವನ್ನೂ ಒಯ್ದಿತು. ಉಟ್ಟ ಬಟ್ಟೆಯಲ್ಲಿ ಕೆಳಗಿನ ಊರಿಗೆ ಇಳಿದು ಬಂದ ಮನೆಯೊಡೆಯನನ್ನು ಜನ ಕೊಚ್ಚಿಹೋದ ಮನೆಯ ಹೆಸರಿನಿಂದಲೇ ಕರೆದರು. ಆಮೇಲೆ ಆ ವಂಶದಲ್ಲಿ ಒಂದು ಗಂಡಿಗೆ ಒಂಬತ್ತು ಹೆಣ್ಣು. ಮದುವೆಯಾದವಳೆಲ್ಲ ಗಂಡನ ಹೆಸರು ಹೊತ್ತು ಹೋದಳು.

ಪ್ರತಿ ವರ್ಷ ಸೆಪ್ಟೆಂಬರ್ ಕೊನೆಗೆ ಬರುವ ಮೈಕೆಲ್‌ಮಸ್ ಹಬ್ಬದಂದು ಜಮೀನ್ದಾರರ ಕಾರಭಾರಿ ಗುಡ್ಡದ ಮೇವಿನ ಹಕ್ಕುಳ್ಳ ಮನೆತನಗಳನ್ನು ಮೂರು ಮೂರು ಸಲ ಕೂಗುತ್ತಾನೆ. ಆ ಹೆಸರಿನವರೇ ಓಗೊಡಬೇಕು. ಇಲ್ಲದಿದ್ದರೆ ಹೆಸರಿಗೂ ಗೀಟು, ಹಕ್ಕಿಗೂ ಗೀಟು. ಅದಕ್ಕೇ ಆಗ್ನೆಸ್ ತನ್ನನ್ನು ಮೆಚ್ಚಿದ ವಿಲ್ಫ್ರೆಡ್ ಮೆಟ್‌ಕಾಫನನ್ನು ಹದಿನಾಲ್ಕು ವರ್ಷ ಕಾಯಿಸಿದ್ದಳು. ಅವನು ಕಲ್ಲುಗೋಡೆ ಕಟ್ಟುವವನು. ಕಾಯುತ್ತ ಕಟ್ಟಿದ ಗೋಡೆ ಚಂದ್ರನ ಹಿತ್ತಿಲನ್ನೂ ಒಂದು ಸುತ್ತು ಬರುತ್ತಿತ್ತು.

"ನಿನ್ನ ಕಟ್ಕೊಂಡ್ರೆ ನಾನೂ ಮೆಟ್‌ಕಾಫ್ ಆಗ್ತೀನಿ ಕಣೋ. ಆರುನೂರು ವರ್ಷದ್ದು ನನ್ನ ಕೈಲೇ ಮುಗೀಬೇಕಾ?"

ವಿಲ್ಫ್ರೆಡ್ ಕೈಯಲ್ಲಿದ್ದ ಕಲ್ಲನ್ನು ತಿರುವಿ ನೋಡಿದ. "ಕಲ್ಲು ಕೂರ್ದೇ ಇದ್ರೆ ಗೋಡೆ ಒಡೀತಾರಾ? ಕಲ್ಲನ್ನೇ ತಿರುಗಿಸಿ ಇಡ್ತಾರೆ." ಆ ವರ್ಷ ಅವನು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

ಹಬ್ಬಕ್ಕೆ ವಾರವಿರುವಾಗ ಮದುವೆಯಾಯಿತು. ಆ ಮೇವಿನ ಮೇಲೆ ಕಣ್ಣಿಟ್ಟಿದ್ದ ನೆರೆಯ ಕತ್ಬರ್ಟ್ ಹಬ್ಬದ ದಿನ ಹೆಸರು ಕೂಗುವ ಮೊದಲೇ ತನ್ನ ಕುರಿಗಳನ್ನು ಗುಡ್ಡದ ಬಾಗಿಲಿಗೆ ತಂದು ನಿಲ್ಲಿಸಿದ್ದ.

"ಏನ್ ಮೆಟ್‌ಕಾಫಮ್ಮ, ಹೊಸ ಹೆಸರು ಒಗ್ಗಿತಾ?"

"ಕುರಿಗಳಿಗೆ ಸುಮ್ನೆ ಆಸೆ ತೋರಿಸ್ಬೇಡಪ್ಪ. ಪಾಪ, ಹಸಿದಿವೆ."

ಕಾರಭಾರಿ "ಥ್ರಾಸಲ್‌ಗಿಲ್" ಎಂದು ಕೂಗಿದ. ಗಂಡನ ಬಾಯಿಂದಲೇ ಬರಲಿ ಎಂದು ಆಗ್ನೆಸ್ ಸುಮ್ಮನಿದ್ದಳು. ಎರಡನೆಯ ಸಲ ಕೂಗಿದಾಗಲೂ ಆ ಮೌನಿ ಗಂಟಲು ಸರಿಮಾಡಿಕೊಳ್ಳುವುದರಲ್ಲೇ ಇದ್ದ. ಮೂರನೆಯ ಸಲಕ್ಕೆ ಅವಳು ಪಕ್ಕೆಗೆ ತಿವಿದಳು.

"ಇದ್ದೀನಿ," ಎಂದ ವಿಲ್ಫ್ರೆಡ್.

"ಲೇ, ನೀನು ಮೆಟ್‌ಕಾಫಲ್ವೇನೋ?" ಎಂದ ಕತ್ಬರ್ಟ್.

"ಮದುವೆ ಹಿಂದಿನ ದಿನದವರ್ಗೂ."

ಅವನ ಟೋಪಿಯೊಳಗಿಂದ, ಹೆಸರು ಬದಲಿಸಿಕೊಂಡದ್ದಕ್ಕೆ ವಕೀಲರು ಕೊಟ್ಟ ಕೆಂಪು ಮುದ್ರೆಯ ಕಾಗದ ಬಂತು. ಹೆಂಡತಿಯ ಹೆಸರನ್ನು ಹೊತ್ತ ಗಂಡಸನ್ನು ಕಣಿವೆ ಕಂಡಿರಲಿಲ್ಲ. ಕಾರಭಾರಿ ಕಾಗದವನ್ನು ಎರಡು ಸಲ ಓದಿ, "ಥ್ರಾಸಲ್‌ಗಿಲ್, ಹಾಜರು" ಎಂದು ಬರೆದುಕೊಂಡ. ಜನರ ಕೇಕೆಗೆ ಗುಡ್ಡ ಎರಡು ಅಂಗುಲ ಹಿಂದೆ ಸರಿಯಿತು.

ಮುಂದಿನ ಮೈಕೆಲ್‌ಮಸ್‌ಗೆ ಆ ಹೆಸರು ಕೂಗಿದಾಗ ಆಗ್ನೆಸಳ ಕಂಕುಳಿನಿಂದಲೂ ಒಂದು ದನಿ ಓಗೊಟ್ಟಿತು. ಗಂಡು ಕೂಸು. ಅದರ ಅಬ್ಬರಕ್ಕೆ ಪಕ್ಕದ ಸೀಮೆ ಲ್ಯಾಂಕಾಷೈರಿನ ಹಸುಗಳು ಮೂರು ದಿನ ಹಾಲು ಕೊಡಲಿಲ್ಲವಂತೆ.