ತಣ್ಣನೆ ಗಾಳಿ, ಬಿಸಿಬಿಸಿ ನೀರು

ಮೊಮ್ಮಗಳು ಹುಟ್ಟಿದ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಹಲಸೂರಿನ ನಮ್ಮ ಬೀದಿಯ ಸೊಪ್ಪಿನವಳಿಗೂ ಹೇಳಿಬಿಟ್ಟಿದ್ದೆ, ಮೂಗು ನನ್ನದೇ ಅಂತ. ಆದರೆ ಕೂಸಿಗೆ ಮೊದಲ ಸಲ ಎಣ್ಣೆ ಹಚ್ಚಿ ಎರೆಯುವ ದಿನ ಬಂದಾಗ ಒಂದೇ ಚಿಂತೆ, ನೀರಿನದು. ನಮ್ಮ ಹಂಡೆ ಒಲೆಯನ್ನು ತೆಗೆಸಿ, ಮಗಳು ತಾರಸಿಯ ಮೇಲೆ ನೀರು ಕಾಯಿಸುವ ಹೀಟ್ ಪಂಪ್ ಹಾಕಿಸಿದ್ದಳು. ಫ್ಯಾನಿರುವ ಒಂದು ಪೆಟ್ಟಿಗೆ, ಪಕ್ಕದಲ್ಲಿ ನೀರಿನ ಟ್ಯಾಂಕು. ಗೀಸರಿಗಿಂತ ಎಷ್ಟೋ ಕಡಿಮೆ ಕರೆಂಟು ಸಾಕಂತೆ.

ಅವತ್ತು ಬೆಳಿಗ್ಗೆ ಮೋಡ. ಲಂಗೋಟಿಗಳು ಒಣಗಿರಲಿಲ್ಲ. ಎದುರುಮನೆಯ ಎಸಿ ಪೆಟ್ಟಿಗೆ ಬಿಸಿಗಾಳಿ ಊದುವುದನ್ನು ನೋಡಿದ್ದೆನಲ್ಲ, ಇದೂ ಹಾಗೇ ಇರಬೇಕೆಂದು ಫ್ಯಾನಿನ ಎದುರಿಗೆ ಹಗ್ಗ ಕಟ್ಟಿ ಎಲ್ಲವನ್ನೂ ಹರವಿದೆ. ಆಮೇಲೆ ಹೋಗಿ ಮುಟ್ಟಿದರೆ ಮಂಜುಗಡ್ಡೆಯ ಹಾಗಿವೆ!

ಕೆಳಗಿಳಿದು ಬಂದವಳೇ ಮಗಳಿಗೆ ಹೇಳಿದೆ, "ನಿನ್ನ ಮೆಷಿನ್ ಕೆಟ್ಟೋಗಿದೆ ಕಣೇ. ತಣ್ಣನೆ ಗಾಳಿ ಊದ್ತಿದೆ. ಆ ನೀರಲ್ಲಿ ನನ್ನ ಬಂಗಾರಕ್ಕೆ ಎರೆಯಲ್ಲ, ಥಂಡಿ ಆಗತ್ತೆ."

ಬಾಣಂತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಅಮ್ಮಾ, ಕೆಟ್ಟಿಲ್ಲ. ಗಾಳೀಲಿರೋ ಬಿಸಿ ಕಿತ್ಕೊಂಡು ನೀರಿಗೆ ತುಂಬತ್ತೆ. ಬಿಸಿ ಕಳ್ಕೊಂಡ ಗಾಳಿ ತಣ್ಣಗಿರದೆ ಇನ್ನೇನಾಗತ್ತೆ?"

"ಈ ಮೋಡದಲ್ಲಿ ಗಾಳಿಗೆ ಬಿಸಿ ಎಲ್ಲಿಂದ ಬಂತೇ?"

"ನಿನಗೆ ಥಂಡಿ ಅನ್ಸತ್ತೆ, ಆ ಮೆಷಿನ್ನಿಗೆ ಇಷ್ಟು ಬಿಸಿ ಇದ್ರೂ ಸಾಕು. ಫ್ರಿಜ್ಜು ಒಳಗಿನ ಬಿಸೀನ ಹೊರಗೆ ತಳ್ಳಲ್ವಾ? ಇದು ಹೊರಗಿನ ಬಿಸೀನ ನೀರಿಗೆ ತಳ್ಳತ್ತೆ."

ಫ್ರಿಜ್ಜಿನ ಪಕ್ಕಕ್ಕೆ ಕೈಯಿಟ್ಟೆ. ಹೌದು, ಬೆಚ್ಚಗಿತ್ತು! ಇಷ್ಟು ವರ್ಷ ಅದರ ಮೇಲೆ ಬಟ್ಟೆ ಒಣಗಿಸಿದ್ದೇನೆ, ಆ ಬಿಸಿ ಎಲ್ಲಿಂದ ಬರುತ್ತದೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಆದರೂ ನನಗೆ ನಂಬಿಕೆ ನನ್ನ ಮೊಣಕೈ ಮೇಲೆಯೇ. ಬಕೆಟ್ಟಿಗೆ ನೀರು ಬಿಟ್ಟು ಮೊಣಕೈ ಅದ್ದಿದೆ. ಅಬ್ಬಾ, ಚುರ್ ಅಂತು! ತಣ್ಣೀರು ಬೆರೆಸಿ ಹದ ಮಾಡಿದೆ. ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದೆ. ಮೊದಲು ಒಂದಿಷ್ಟು ಕಿರುಚಿದಳು, ಬೆನ್ನಿಗೆ ನೀರು ಬೀಳುತ್ತಲೇ ಸುಮ್ಮನಾದಳು. ಲೋಬಾನದ ಹೊಗೆ ತೋರಿಸುವಷ್ಟರಲ್ಲಿ ನಿದ್ದೆ.

ಇನ್ನು ಮಗಳ ಸರದಿ. ಬಾಣಂತಿಗೆ ಎರೆಯಲು ಎಷ್ಟು ನೀರಾದರೂ ಸಾಲದು. "ಬಿಸಿನೀರು ಉಳಿದಿದ್ಯೋ ಇಲ್ವೋ," ಅಂದಳು. ನಾನು ಮಂಡಿನೋವು ಮರೆತು ತಾರಸಿಗೆ ಹತ್ತಿದೆ, ಫ್ಯಾನಿನ ಎದುರು ಅಂಗೈ ಹಿಡಿದೆ. ಅಲ್ಲಿಂದಲೇ ಕೂಗಿದೆ:

"ಗಾಳಿ ತಣ್ಣಗೆ ಬರ್ತಿದೆ ಕಣೇ! ನೀರು ಕಾಯ್ತಾ ಇದೆ. ಎಣ್ಣೆ ಹಚ್ಕೊಂಡು ಕೂತ್ಕೋ, ಬಂದೆ!"